ಮೂತಿ ಲಾರಿಯ ಬ್ರೇಕು

ಕೂಳೂರು
19-2-1979

ಇವರಿಗೆ,

‘ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ಶುರು ಮಾಡುವ ಪದ್ಧತಿ ಉಂಟು. ನಾನು ಹಾಗೆ ಬರೆಯುವುದಿಲ್ಲ. ನಾನು ಕ್ಷೇಮವೋ ಅಲ್ಲವೋ ಎಂದು ನೋಡಿ ಹೋಗಲು ಕುದ್ರೋಳಿಯ ನಿಮ್ಮ ಮನೆಯಿಂದ ಕೂಳೂರಿನ ನನ್ನ ತವರಿಗೆ ಬಸ್ಸಿನಲ್ಲಿ ಅರ್ಧ ಗಂಟೆ ಸಾಕು. ಮಗು ಹುಟ್ಟಿ ಇವತ್ತಿಗೆ ಇಪ್ಪತ್ತಾರು ದಿನ. ಆಸ್ಪತ್ರೆಗೆ ಒಮ್ಮೆ ಬಂದಿರಿ, ವಾರ್ಡಿನ ಬಾಗಿಲಲ್ಲಿ ನಿಂತಿರಿ, ಬಿಸಿನೀರಿನ ಫ್ಲಾಸ್ಕನ್ನು ನೆಲದ ಮೇಲಿಟ್ಟು ಹೊರಟುಹೋದಿರಿ. ಮಗಳು ಯಾರ ಹಾಗೆ ಉಂಟು ಎಂದು ಯಾರಾದರೂ ಕೇಳಿದರೆ ನೀವು ಎಂತ ಹೇಳುತ್ತೀರಿ?

ನನಗೆ ನಿದ್ದೆ ಎಂಬುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಕ್ಕಳು ಹಸಿವಾದರೂ ಅಳುವುದಿಲ್ಲವಂತೆ, ಸುಮ್ಮನೆ ಮಲಗಿಯೇ ಇರುತ್ತವಂತೆ. ಗ್ಲ್ಯಾಡಿಸ್ ನರ್ಸಮ್ಮ ಇದನ್ನು ಹೇಳಿ ಹೋದ ದಿನದಿಂದ ಎರಡು ಗಂಟೆಗೊಮ್ಮೆ ಅಂಗಾಲಿಗೆ ತಟ್ಟಿ ಎಬ್ಬಿಸಿ, ಒಳಲೆಯಲ್ಲಿ ಹಾಲು ಹನಿಸುತ್ತೇನೆ. ಕುಡಿದಾದ ಮೇಲೆ ಉಸಿರು ಆಡುತ್ತದೋ ಎಂದು ಮೂಗಿನ ಹತ್ತಿರ ಬೆರಳಿಡುತ್ತೇನೆ. ಅಮ್ಮ ಬೈಯುತ್ತಾರೆ, ‘ನೀನು ಹೀಗೆ ನೋಡ್ತಾ ಕೂತರೆ ಮಗುವಿಗೇ ಹೆದರಿಕೆ ಆಗ್ತದೆ ಮಾರಾಯ್ತಿ’ ಎಂದು. ಆಗಲಿ. ಹೆದರುವುದಕ್ಕೆ ಮನೆಯಲ್ಲಿ ಒಬ್ಬರಾದರೂ ಬೇಕಲ್ಲ.

ನಿನ್ನೆ ಚಿಕ್ಕಮ್ಮ ಮೀನು ಮಾರಿ ಬರುವಾಗ ನಿಮ್ಮ ಸುದ್ದಿ ತಂದರು. ‘ನಿನ್ನ ಗಂಡ ನಂತೂರಿನಲ್ಲಿ ಫಿಲಿಪ್ಪನ ಗ್ಯಾರೇಜಿನಲ್ಲಿ ಲಾರಿಯ ಅಡಿಗೆ ಮಲಗಿದ್ದಾನೆ. ಚಕ್ರ ಎಲ್ಲ ಬಿಚ್ಚಿ ಇಟ್ಟಿದ್ದಾರೆ. ಬಾಣಂತಿಗೂ ಇಷ್ಟು ಆರೈಕೆ ಇಲ್ಲ!’ ಎಂದು ನಕ್ಕರು. ನಾನು ನಗಲಿಲ್ಲ.

ಆ ಲಾರಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹರಾಜಿನಲ್ಲಿ ಮಾವ ತಂದ, ಮೀನು ಇಳಿಸುವ ಧಕ್ಕೆಯವರೆಲ್ಲ ‘ಮೂತಿ ಲಾರಿ’ ಎಂದು ಕರೆಯುವ, ನನಗಿಂತ ಹತ್ತು ವರ್ಷ ಹಳೆಯ ಮೀನಿನ ಲಾರಿ. ನನ್ನ ಬಯಕೆಯ ಊಟ ಮುಗಿಸಿ ತವರಿಗೆ ಕಳಿಸುವ ದಿನ ಬಾಡಿಗೆ ಕಾರು ಬೇಡ, ನಮ್ಮದರಲ್ಲೇ ಹೋಗಲಿ ಎಂದು ಅದರ ಮೂತಿಗೆ ಸೇವಂತಿಗೆ ಮಾಲೆ ಹಾಕಿದಿರಿ. ನಾನೂ ನಗುತ್ತಲೇ ಹತ್ತಿದೆ. ಆ ನಗು ನೆನಪಾದಾಗ ನನ್ನ ಮೇಲೂ ಸಿಟ್ಟು ಬರುತ್ತದೆ. ಕೂಳೂರು ಹೊಳೆಯ ಸಂಕಕ್ಕೆ ಮೊದಲಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ನೀವು ಲಾರಿಯನ್ನು ರಸ್ತೆ ಬದಿಯ ಮರಳಿನ ರಾಶಿಗೆ ನುಗ್ಗಿಸಿದಿರಿ. ನಮ್ಮ ಜೀವ ಉಳಿದದ್ದು ಅದರಿಂದ, ಗೊತ್ತುಂಟು. ಮರುದಿನ ಮಗು ಹುಟ್ಟಿದ್ದೂ ಅದರಿಂದಲೇ. ಆಗ ಇನ್ನೂ ಏಳೂವರೆ ತಿಂಗಳು.

ಮಾರ್ಚ್ 4, ಭಾನುವಾರ, ನಲ್ವತ್ತನೆಯ ದಿನ. ತೊಟ್ಟಿಲಿಗೆ ಹಾಕುವ ಶಾಸ್ತ್ರ. ಬರುವುದಾದರೆ ಬನ್ನಿ. ಲಾರಿಯ ಹೆಸರು ಅಂಗಳದಲ್ಲೇ ಬಿಟ್ಟು ಬನ್ನಿ.

ಹರಿಣಾಕ್ಷಿ


ನಂತೂರು
26-2-1979

ಪ್ರೀತಿಯ ಹರಿಣಿಗೆ,

ನಿನ್ನ ಕಾಗದ ಸಿಕ್ಕಿತು. ಮನೆಯಲ್ಲಿ ಅಪ್ಪ, ಅಮ್ಮ ಎಲ್ಲರೂ ಕ್ಷೇಮ.

ಲಾರಿಯ ಮುಂದಿನ ಆಕ್ಸಲ್ ಬಗ್ಗಿತ್ತು, ಅದನ್ನು ನೆಟ್ಟಗೆ ಮಾಡಿಸಿ ಆಯಿತು. ಹಿಂದಿನ ಸ್ಪ್ರಿಂಗ್ ಪ್ಲೇಟು ಎರಡು ತುಂಡಾಗಿದ್ದವು. ಇದರ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ. ನಮ್ಮ ಮೀನು ಕೊಳ್ಳುವ ಅಹ್ಮದ್ ಬಾವ ಕಲ್ಲಿಕೋಟೆಯ ಗುಜರಿಯಲ್ಲಿ ಹುಡುಕಿ ತಂದುಕೊಟ್ಟರು. ಫಿಲಿಪ್ ತಮಾಷೆ ಮಾಡುತ್ತಾನೆ, ‘ಇದನ್ನು ರಿಪೇರಿ ಮಾಡುವುದಕ್ಕಿಂತ ಇದಕ್ಕೊಂದು ಗುಡಿ ಕಟ್ಟಿಸಿ ಮಾರಾಯ್ರೆ’ ಎಂದು. ನಾನು ಬಿಡಲಿಲ್ಲ. ಬಾಡಿಯ ಹಲಗೆ ಪೂರಾ ಹೊಸತು ಹಾಕಿಸುತ್ತೇನೆ. ಬೋನೆಟ್ಟಿಗೆ ಮೊದಲಿನದೇ ಹಸಿರು ಬಣ್ಣ.

ಏಪ್ರಿಲಿನಲ್ಲಿ ಬಿಸು ಹಬ್ಬ ಬರುವ ಮೊದಲು ಎಲ್ಲ ಮುಗಿಯಬೇಕು. ಬಿಸುವಿನ ದಿನ ನಿನ್ನನ್ನೂ ಮಗುವನ್ನೂ ಇದರಲ್ಲೇ ಮನೆಗೆ ಕರೆತರಬೇಕೆಂದು ಅಪ್ಪನ ಆಸೆ.

ತೊಟ್ಟಿಲಿನ ದಿನ ಬರಲು ನೋಡುತ್ತೇನೆ. ಹಲಗೆ ಕೆಲಸದ ಆಚಾರಿ ಅವತ್ತೇ ಬರುತ್ತೇನೆ ಎಂದಿದ್ದಾನೆ.

ಬ್ರೇಕಿನ ಪೈಪು ತುಂಡಾದದ್ದು ಎಂದು ಎಲ್ಲರಿಗೂ ಹೇಳಿದ್ದೇನೆ. ಕೇಳಿದವರಿಗೆ ನೀನೂ ಹಾಗೆಯೇ ಹೇಳು.

ಮಗು ಹಾಲು ಕುಡಿಯುತ್ತದಾ?

ನಿನ್ನ
ದೇವದಾಸ್


ಕೂಳೂರು
7-3-1979

ಇವರಿಗೆ,

ಆಚಾರಿ ಬಂದನೇ? ಹಲಗೆ ಕೂತಿತೇ? ಸಂತೋಷ.

ತೊಟ್ಟಿಲಿನ ದಿನ ಅತ್ತೆಯೂ ಮಾವನೂ ಬರಲಿಲ್ಲ, ನೀವಿಲ್ಲದೆ ಅವರು ಬರುವುದು ಚಂದವಲ್ಲವಂತೆ. ಬಂದ ನೆಂಟರಿಗೆ ನನ್ನ ಅಮ್ಮ ‘ಅಳಿಯನಿಗೆ ಜ್ವರ’ ಎಂದರು. ನಲ್ವತ್ತು ವರ್ಷ ಮೀನಿನ ಬುಟ್ಟಿ ಹೊತ್ತು, ಹಳಸಿದ್ದನ್ನು ಹಳಸಿದ್ದು ಎಂದೇ ಹೇಳಿ ಮಾರಿದ ದಮಯಂತಿ ನಿಮಗಾಗಿ ಸುಳ್ಳು ಹೇಳಿದರು. ಒಬ್ಬರು ‘ಎಂತ ಜ್ವರ?’ ಎಂದು ಕೇಳಿದಾಗ ಅಮ್ಮ ಒಳಗೆ ಹೋದರು. ಮಗುವಿನ ಹೆಸರು ಸ್ನೇಹಲತಾ. ನಾನೇ ಇಟ್ಟೆ. ಕೇಳಿ ಇಡೋಣವೆಂದರೆ ನೀವಿರಲಿಲ್ಲ.

ಈಗ ನಿಮ್ಮ ಬ್ರೇಕಿನ ಪೈಪಿಗೆ ಬರುತ್ತೇನೆ.

ನೀವು ಮದುವೆಯಾದದ್ದು ಫಿಸಿಕ್ಸ್ ಓದಿದ ಬಿ.ಎಸ್ಸಿ.ಯನ್ನು. ಮರೆತಿರಾ? ಹಾಲು ಕುಡಿಸುತ್ತಾ ಕೂತವಳಿಗೆ ಕೈಗೆ ಕೆಲಸ, ತಲೆಗೆ ಕೆಲಸವಿಲ್ಲ. ಅವತ್ತಿನದನ್ನು ಎಷ್ಟು ಸಲ ಓಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಪೈಪು ತುಂಡಾದರೆ ಪೆಡಲು ಮೆತ್ತಗಾಗಿ ನೆಲಕ್ಕೆ ಇಳಿದುಹೋಗಬೇಕು. ಅದು ಇಳಿಯಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ನಿಮ್ಮ ಬಲಗಾಲು ಕೋಲಿನ ಹಾಗೆ ಸೆಟೆದಿತ್ತು, ಸೀಟಿನಿಂದ ಎದ್ದು ಪೆಡಲಿನ ಮೇಲೆ ನಿಂತೇಬಿಟ್ಟಿದ್ದಿರಿ. ಪೆಡಲು ಕಲ್ಲಿನ ಹಾಗೆ ಇತ್ತು, ಚಕ್ರ ಮಾತ್ರ ತಿರುಗುತ್ತಲೇ ಇತ್ತು. ಅಂದರೆ ಒತ್ತಡ ಇತ್ತು, ಘರ್ಷಣೆ ಇರಲಿಲ್ಲ. ಚಕ್ರದ ಒಳಗೆ ಬ್ರೇಕು ಕಚ್ಚಿಕೊಳ್ಳುವಲ್ಲಿ ಏನೋ ಜಾರುವಂಥದು ಸೇರಿತ್ತು.

ಏನದು? ಅವತ್ತು ಲಾರಿ ತುಂಬ ಬೂತಾಯಿ ಮೀನಿನ ಎಣ್ಣೆಯ ನಾತ. ಮೀನಿನ ಲಾರಿ, ನಾತ ಇದ್ದದ್ದೇ ಎಂದು ಸೆರಗನ್ನು ಮೂಗಿಗಿಟ್ಟು ಕೂತಿದ್ದೆ. ಆದರೆ ಅವತ್ತು ಲಾರಿಯಲ್ಲಿ ಒಂದು ಮೀನೂ ಇರಲಿಲ್ಲ. ಎರಡು ದಿನ ಮೊದಲೇ ತೊಳೆದಿದ್ದಿರಿ. ದೋಣಿಯ ಮರಕ್ಕೆ ಬಳಿಯುವ ಮೀನೆಣ್ಣೆಯನ್ನು ಲಾರಿಯ ಅಡಿಗೆ ಯಾರು ಬಳಿದರು? ಚಕ್ರದ ಒಳಗೆ ಹೋಗುವಷ್ಟು ಯಾಕೆ ಬಳಿದರು?

ಈ ಎರಡು ಪ್ರಶ್ನೆಗೆ ಉತ್ತರ ಬೇಕು. ಹಲಗೆಯ ವಿಷಯ, ಬಣ್ಣದ ವಿಷಯ ಬರೆದರೆ ಕಾಗದ ಹರಿದು ಒಲೆಗೆ ಹಾಕುತ್ತೇನೆ.

ಹರಿಣಾಕ್ಷಿ


ನಂತೂರು
17-3-1979

ಹರಿಣಿಗೆ,

ನಾನೇ ಬಳಿದದ್ದು.

ಮೀನಿನ ಪೆಟ್ಟಿಗೆಯಿಂದ ಉಪ್ಪುನೀರು ಸೋರಿ ಲಾರಿಯ ಅಡಿಯ ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೆ ನಮ್ಮಲ್ಲಿ ಪ್ರತಿ ವರ್ಷ ಬಿಸುವಿನ ಸಮಯಕ್ಕೆ ಮೀನೆಣ್ಣೆ ಬಳಿಯುವುದುಂಟು. ಬಳಿದು ಹದಿನೈದು ದಿನ ಬಿಸಿಲಿಗೆ ಬಿಟ್ಟರೆ ಒಣಗುತ್ತದೆ, ಎಂತದೂ ಆಗುವುದಿಲ್ಲ. ಈ ವರ್ಷ ನಿನ್ನ ಬಯಕೆಗೆಂದು ಮುಂಚಿತವಾಗಿ ಹಿಂದಿನ ಸಂಜೆ ಬಳಿದದ್ದು. ಒಣಗಿರಲಿಲ್ಲ. ಫಿಲಿಪ್ ಚಕ್ರ ಬಿಚ್ಚಿದಾಗ ಒಳಗೆಲ್ಲ ಎಣ್ಣೆ ಇತ್ತು.

ನನ್ನದೇ ತಪ್ಪು. ನಿನಗೆ ಎಷ್ಟು ಬೈಯಬೇಕೋ ಬೈ.

ದೇವದಾಸ್


ಕೂಳೂರು
27-3-1979

ಇವರಿಗೆ,

ಸುಳ್ಳು ಹೇಳಲಿಕ್ಕೂ ಸ್ವಲ್ಪ ಅಭ್ಯಾಸ ಬೇಕು. ನಿಮಗಿಲ್ಲ.

ಮೊನ್ನೆ ಅತ್ತೆ ಬಂದಿದ್ದರು. ಹಾಲು ಹೆಚ್ಚಲಿ ಎಂದು ಮರಿ ತಾಟೆ ಮೀನು ತಂದಿದ್ದರು, ತಾವೇ ಸಾರು ಮಾಡಿದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ ನಾನು ಸುಮ್ಮನೆ, ‘ಇವರು ಎಣ್ಣೆ ಬಳಿದದ್ದು ಸ್ವಲ್ಪ ಹೆಚ್ಚಾಯಿತು ಅತ್ತೆ’ ಎಂದೆ.

‘ಅವನಾ?’ ಎಂದು ನಕ್ಕರು ಅತ್ತೆ. ‘ಅವ ಎಂತ ಬಳಿಯುವುದು ಮಗಾ, ಆ ಎಣ್ಣೆ ತಾಗಿದರೆ ಅವನ ಕೈಯಲ್ಲಿ ಬೊಕ್ಕೆ ಏಳ್ತದೆ. ಸಣ್ಣದಿರುವಾಗಲೇ ಹಾಗೆ. ಬಳಿದದ್ದು ನಿನ್ನ ಮಾವ. ಅವತ್ತು ಕತ್ತಲಾಗುವವರೆಗೆ ಅಡಿಗೆ ಮಲಗಿ ಬಳಿದರು. ನಮ್ಮ ಸೊಸೆ ಕೂರುವ ಲಾರಿ, ಹೊಸ ದೋಣಿಯ ಹಾಗೆ ಮಿಂಚ್ಬೇಕು ಅಂತ...’

ಅಷ್ಟರಲ್ಲಿ ಅತ್ತೆಯ ಕೈ ಬಾಯಿಗೆ ಹೋಯಿತು. ಆಮೇಲೆ ಅತ್ತರು. ‘ಮುದುಕನಿಗೆ ಗೊತ್ತಿಲ್ಲ. ಪೈಪು ತುಂಡಾಯ್ತು ಅಂತ ಹೇಳಿದ್ದೇವೆ. ನೀನು ಹೇಳ್ಬೇಡ ಆಯ್ತಾ? ಗೊತ್ತಾದರೆ ಅವರ ಎದೆ ಒಡೆದು ಹೋಗ್ತದೆ.’

ಮಾವನ ಎದೆಯ ಸುತ್ತ ನೀವು, ಅತ್ತೆ, ಫಿಲಿಪ್ ಮೂವರೂ ಸೇರಿ ಬೇಲಿ ಕಟ್ಟಿದ್ದೀರಿ. ಬಹಳ ಚಂದ. ನಾನೂ ನನ್ನ ಮಗಳೂ ಆ ಬೇಲಿಯ ಹೊರಗೆ. ನಾನು ಎರಡು ತಿಂಗಳು ನಿದ್ದೆಗೆಟ್ಟು, ಯಾಕೆ ಹೀಗಾಯಿತು, ಯಾಕೆ ಹೀಗಾಯಿತು ಎಂದು ತಲೆ ಚಚ್ಚಿಕೊಂಡರೆ ಅಡ್ಡಿಯಿಲ್ಲ. ಮಾವನ ಮಧ್ಯಾಹ್ನದ ನಿದ್ದೆ ಕೆಡಬಾರದು.

ಇಷ್ಟೇ ಆಗಿದ್ದರೆ ಸಿಟ್ಟು ನುಂಗುತ್ತಿದ್ದೆನೋ ಏನೋ. ಅತ್ತೆ ಕಣ್ಣೊರೆಸಿಕೊಂಡು ಇನ್ನೊಂದು ಮಾತು ಹೇಳಿದರು. ಬಿಸುವಿನ ಹಿಂದಿನ ದಿನ ಬಳಿಯಲು ಮಾವ ಆಗಲೇ ಒಂದು ಡಬ್ಬ ಎಣ್ಣೆ ತಂದಿಟ್ಟಿದ್ದಾರಂತೆ! ಮೊಮ್ಮಗಳು ಬರುವ ಲಾರಿಯಲ್ಲವಾ, ಈ ಸಲ ಎರಡು ಕೈ ಬಳಿಯುತ್ತಾರಂತೆ! ಯಾರೂ ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ನೀವು ಹೇಳಬೇಕು. ನಿಮ್ಮ ಬಾಯಿಂದ, ನಿಮ್ಮ ಅಪ್ಪನಿಗೆ, ಬಿಸುವಿನ ಮೊದಲು. ಇಲ್ಲವಾದರೆ ನಾನು ಬರುವುದಿಲ್ಲ. ಗಂಡನ ಮನೆಗೆ ಹೋಗದೆ ಕೂತಳು ಎಂದು ಊರು ಆಡಿಕೊಳ್ಳುವುದು ಬೇರೆ ಜಾತಿಯಲ್ಲಿ. ನಮ್ಮಲ್ಲಿ ಮಗು ತಾಯಿಯ ‘ಬಳಿ’ಗೆ, ಅಂದರೆ ತಾಯಿಯ ಕುಲಕ್ಕೆ ಸೇರಿದ್ದು. ನನ್ನ ಅಮ್ಮನ ಮನೆಯಲ್ಲಿ ನನಗೂ ಅವಳಿಗೂ ಜಾಗ ಉಂಟು. ಇದು ಹೆದರಿಸಲು ಬರೆದದ್ದಲ್ಲ.

ಹರಿಣಾಕ್ಷಿ


ನಂತೂರು
3-4-1979

ಹರಿಣಿ,

ಮೂರು ಸಲ ಹೇಳಲು ಹೋದೆ. ಅಪ್ಪ ಜಗಲಿಯಲ್ಲಿ ಕೂತಿರುತ್ತಾರೆ. ನನ್ನನ್ನು ಕಂಡ ಕೂಡಲೇ ಮಗುವಿನ ತೂಕ ಈಗ ಎಷ್ಟಾಯಿತು ಎಂದು ಕೇಳುತ್ತಾರೆ. ಬಾಯಿಗೆ ಬಂದದ್ದು ಒಂದು ತೂಕ ಹೇಳಿ ಎದ್ದು ಬರುತ್ತೇನೆ.

ನಾನು ಯಾಕೆ ಅಲ್ಲಿಗೆ ಬರಲಿಲ್ಲ ಎಂದು ಈಗ ಬರೆಯುತ್ತೇನೆ. ನಿನ್ನ ಎದುರು ಕೂತು ಸುಳ್ಳು ಹೇಳಲಾರೆ, ಅಪ್ಪನ ಎದುರು ಕೂತು ನಿಜ ಹೇಳಲಾರೆ. ಅದಕ್ಕೆ ಲಾರಿಯ ಅಡಿಯಲ್ಲಿದ್ದೇನೆ. ಅಲ್ಲಿ ಯಾರೂ ಎಂತದೂ ಕೇಳುವುದಿಲ್ಲ.

ನೀನು ಹೆದರಬೇಡ, ಒಂದು ದಾರಿ ಮಾಡಿದ್ದೇನೆ. ಅಪ್ಪ ಎಣ್ಣೆ ಬಳಿದು ಒಳಗೆ ಹೋದ ಮೇಲೆ ಫಿಲಿಪ್ ಬರುತ್ತಾನೆ. ನಾಲ್ಕು ಕಡೆಯ ಬ್ರೇಕೂ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಒರೆಸಿ ಮತ್ತೆ ಕೂರಿಸುತ್ತೇವೆ. ಅಪ್ಪನಿಗೆ ಗೊತ್ತಾಗುವುದಿಲ್ಲ, ನಿಮಗೂ ಎಂತ ಅಪಾಯವಿಲ್ಲ. ಅವರಿಗೆ ಎಪ್ಪತ್ತೊಂದು ವರ್ಷ. ಇನ್ನೆಷ್ಟು ಬಿಸು ಬಳಿಯುತ್ತಾರೆ? ದಯಮಾಡಿ ಒಪ್ಪಿಕೋ.

ದೇವದಾಸ್


ಕೂಳೂರು
8-4-1979

ತೀರ್ಥರೂಪ ಸಮಾನರಾದ ಮಾವನವರ ಪಾದಗಳಿಗೆ ಸೊಸೆ ಹರಿಣಾಕ್ಷಿಯ ನಮಸ್ಕಾರಗಳು.

ಮಾವ, ನಿಮಗೆ ಓದಲು ಬರುವುದಿಲ್ಲ. ಆದ್ದರಿಂದ ಈ ಕಾಗದವನ್ನು ನಿಮ್ಮ ಮಗ ಓದುತ್ತಾರೆ. ಓದುವವರಿಗೆ ಮೊದಲೇ ಹೇಳುತ್ತೇನೆ. ಮಧ್ಯದಲ್ಲಿ ನಿಲ್ಲಿಸಬಾರದು, ಒಂದು ಸಾಲೂ ಬಿಡಬಾರದು, ಮೆತ್ತಗೆ ಮಾಡಿ ಹೇಳಬಾರದು. ನೀವು ಪೂರ್ತಿ ಓದಿದಿರೋ ಇಲ್ಲವೋ ನಾನು ಕೂಳೂರಿನಲ್ಲಿ ಕೂತು ನೋಡಲಾರೆ. ಆದರೆ ನಿಮಗೆ ಗೊತ್ತಿರುತ್ತದೆ.

ಮಾವ, ಅವತ್ತು ಬ್ರೇಕಿನ ಪೈಪು ತುಂಡಾಗಿರಲಿಲ್ಲ. ಹಿಂದಿನ ಸಂಜೆ ನೀವು ಬಳಿದ ಎಣ್ಣೆ ಚಕ್ರದ ಒಳಗೆ ಇಳಿದಿತ್ತು. ಬ್ರೇಕು ಜಾರಿತು. ಲಾರಿ ನಿಲ್ಲಲಿಲ್ಲ. ನಿಮ್ಮ ಮೊಮ್ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು ಇದರಿಂದ.

ದೋಣಿಗೆ ಬ್ರೇಕಿಲ್ಲ, ಮಾವ. ಅದಕ್ಕೆ ಎಲ್ಲಿ ಬಳಿದರೂ ಒಳ್ಳೆಯದೇ. ಲಾರಿಯಲ್ಲಿ ಎಣ್ಣೆ ತಾಗಬಾರದ ಜಾಗ ನಾಲ್ಕು ಉಂಟು. ಅದನ್ನು ಇಷ್ಟು ವರ್ಷ ನಿಮಗೆ ಯಾರೂ ತೋರಿಸಿಕೊಡಲಿಲ್ಲ. ಪ್ರತಿ ವರ್ಷ ಬಿಸಿಲು ನಿಮ್ಮನ್ನು ಕಾಪಾಡಿತು. ಈ ವರ್ಷ ಬಿಸಿಲಿಗೆ ಸಮಯ ಸಿಗಲಿಲ್ಲ. ನನ್ನ ಮೇಲಿನ ಪ್ರೀತಿಯಿಂದ ಬಳಿದಿರಿ ಎಂದು ಅತ್ತೆ ಹೇಳಿದರು, ನಾನು ನಂಬುತ್ತೇನೆ. ಪ್ರೀತಿಯಿಂದ ಬಳಿದದ್ದೆಂದು ಲಾರಿ ನಿಲ್ಲಲಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಅದೂ ಒಂದು ಸುಳ್ಳಾಗುತ್ತದೆ. ಸಿಟ್ಟುಂಟು. ಆದರೆ ಗೊತ್ತಿಲ್ಲದೆ ಮಾಡಿದವರ ಮೇಲಿನ ಸಿಟ್ಟು ಸಣ್ಣದು, ಗೊತ್ತಿದ್ದು ಮುಚ್ಚಿಟ್ಟವರ ಮೇಲಿನದು ದೊಡ್ಡದು. ಓದುತ್ತಿರುವವರು ಈ ಸಾಲನ್ನು ಇನ್ನೊಮ್ಮೆ ಓದಲಿ.

ಬಿಸುವಿನ ಹಿಂದಿನ ದಿನ ನೀವು ಮತ್ತೆ ಎಣ್ಣೆ ಬಳಿಯುವುದು, ನೀವು ಒಳಗೆ ಹೋದ ಮೇಲೆ ನಿಮ್ಮ ಮಗನೂ ಫಿಲಿಪ್ಪನೂ ಕಳ್ಳರ ಹಾಗೆ ಬಂದು ಅದನ್ನು ತೊಳೆಯುವುದು ಎಂದು ಏರ್ಪಾಡಾಗಿದೆ. ನಿಮ್ಮ ಬೆನ್ನ ಹಿಂದೆ ತೊಳೆದ ಲಾರಿಯಲ್ಲಿ ನನ್ನ ಮಗಳನ್ನು ಕೂರಿಸುವುದಿಲ್ಲ. ಒಂದು ವರ್ಷ ತೊಳೆಯಲು ಮರೆತರೆ?

ಮಗುವಿನ ನಿಜವಾದ ತೂಕ ಎಂಟು ಪೌಂಡು. ನಿನ್ನೆ ಗ್ಲ್ಯಾಡಿಸ್ ನರ್ಸಮ್ಮ ತೂಗಿದರು.

ನಿಮ್ಮ ಸೊಸೆ
ಹರಿಣಾಕ್ಷಿ


ಕುದ್ರೋಳಿ
13-4-1979

ಮಾವ ಅಂಗಾರ ಹೇಳಿ ಬರೆಸಿದ್ದು.

ಮಗಾ ಹರಿಣಾಕ್ಷಿ,

ನಾನು ಹೇಳಿದ್ದನ್ನು ಹಾಗೆಯೇ ಬರಿ, ಬೈಗುಳ ಬಂದರೆ ಅದನ್ನೂ ಬರಿ ಅಂತ ಇವನಿಗೆ ಹೇಳಿದ್ದೇನೆ. ನಿನ್ನ ಕಾಗದ ಓದಿದ. ಎರಡು ಕಡೆ ನಿಲ್ಲಿಸಿದ. ‘ಓದಾ ಬೇವರ್ಸಿ’ ಅಂದೆ, ಓದಿದ.

ಕೇಳಿ ನನಗೆ ಎಂತ ಆಯ್ತು ಅಂತ ನಾನು ಹೇಳುವುದಿಲ್ಲ. ಇವನೂ ಬರೆಯುವುದು ಬೇಡ.

ಐವತ್ತು ವರ್ಷ ಕಡಲಿಗೆ ಹೋದವ ನಾನು. ಬಲೆ ಬಿಚ್ಚಿಹೋಗಿ ಮೀನು ತಪ್ಪಿದರೆ, ಗಂಟು ಯಾರದ್ದು ಅಂತ ಅವತ್ತೇ ದಡದಲ್ಲಿ ಎಲ್ಲರೆದುರು ಹೇಳ್ತೇವೆ. ಅಪ್ಪನದ್ದಾದರೂ ಹೇಳ್ತೇವೆ. ಕೇಳಿದವನಿಗೆ ನಾಚಿಕೆ ಆಗ್ತದೆ. ಮರುದಿನ ಗಂಟು ಗಟ್ಟಿ ಕಟ್ತಾನೆ. ಹೇಳದೆ ಬಿಟ್ಟರೆ ಮರುದಿನವೂ ಅದೇ ಗಂಟು, ಅದೇ ಕಡಲು. ಇವರು ನನಗೆ ಹೇಳಲಿಲ್ಲ. ಮೂರು ತಿಂಗಳು ನನ್ನನ್ನು ತೊಟ್ಟಿಲಿಗೆ ಹಾಕಿ ತೂಗಿದರು. ಮನೆಯಲ್ಲಿ ಮಗು ಯಾರು, ಅವಳಾ, ನಾನಾ?

ನಿನ್ನೆ ನಂತೂರಿಗೆ ಹೋದೆ. ಚಕ್ರ ಬಿಚ್ಚಿ ತೋರಿಸು ಅಂದೆ. ಫಿಲಿಪ್ಪ ‘ಬಿಡಿ ಅಂಗಾರಣ್ಣ, ಆದದ್ದು ಆಯ್ತು’ ಅಂದ. ‘ನಿನ್ನ ಸಮಾಧಾನ ನಿನ್ನ ಹತ್ರ ಇಟ್ಟುಕೊ, ಸ್ಪಾನರ್ ಹಿಡಿ’ ಅಂದೆ. ನಾಲ್ಕು ಜಾಗವನ್ನೂ ಕೈಯಿಂದ ಮುಟ್ಟಿ ನೋಡಿದೆ. ಮೂವತ್ತಮೂರು ವರ್ಷದಿಂದ ಲಾರಿ ನನ್ನದು ಅಂತ ಹೇಳಿಕೊಂಡು ತಿರುಗಿದವ, ಅದರೊಳಗೆ ಎಂತ ಉಂಟು ಅಂತ ನಿನ್ನೆ ನೋಡಿದ್ದು. ಇವನ ಕೆಲಸ ಒಳ್ಳೆಯದಾಗಿದೆ. ಕೆಲಸ ಮಾತ್ರ.

ಬಿಸುವಿಗೆ ಲಾರಿ ಬರುವುದಿಲ್ಲ. ಎಣ್ಣೆಯ ಡಬ್ಬ ದೋಣಿಯವರಿಗೆ ಕೊಟ್ಟೆ. ಇಪ್ಪತ್ತೆರಡನೇ ತಾರೀಕು ಭಾನುವಾರ ಬಸ್ಸಿನಲ್ಲಿ ಬರ್ತೇನೆ. ಮಗುವನ್ನು ನನ್ನ ಕೈಗೆ ಕೊಡುವುದು ಬೇಡ. ದೂರದಿಂದ ತೋರಿಸು, ಸಾಕು. ಇವನನ್ನೂ ಎಳ್ಕೊಂಡು ಬರ್ತೇನೆ. ಇವನಿಗೆ ತೋರಿಸಬೇಕಾ ಬೇಡವಾ, ಅದು ನಿನ್ನ ಇಷ್ಟ.

ಅಂಗಾರನ ಹೆಬ್ಬೆಟ್ಟು


ಕೂಳೂರು
17-4-1979

ಮಾವನವರಿಗೆ ನಮಸ್ಕಾರಗಳು.

ಇದನ್ನೂ ಅವರೇ ಓದಲಿ.

ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಬನ್ನಿ, ಆಗ ಅವಳು ಮಿಂದು ಎಚ್ಚರವಾಗಿರುತ್ತಾಳೆ. ದೂರದಿಂದ ತೋರಿಸುವುದಿಲ್ಲ. ಕೈಕಾಲು ತೊಳೆದು ಚಾಪೆಯ ಮೇಲೆ ಕೂತುಕೊಳ್ಳಿ, ನಿಮ್ಮ ಮಡಿಲಿಗೇ ಹಾಕುತ್ತೇನೆ. ಮಗುವಿನ ಕುತ್ತಿಗೆಗೆ ಮಾತ್ರ ಕೈ ಕೊಟ್ಟು ಹಿಡಿಯಬೇಕು.

ಓದುತ್ತಿರುವವರಿಗೆ,

ನೀವೂ ಬನ್ನಿ. ಮಗುವನ್ನು ಕೂಡಲೇ ನಿಮ್ಮ ಕೈಗೆ ಕೊಡುವುದಿಲ್ಲ. ಮೊದಲು ನನ್ನ ಎದುರು ಕೂತು, ಅವತ್ತಿನಿಂದ ಇವತ್ತಿನವರೆಗೆ ನಡೆದದ್ದೆಲ್ಲವನ್ನೂ ನನ್ನ ಮುಖ ನೋಡಿ ಹೇಳಬೇಕು. ಕಾಗದದ ಕನ್ನಡದಲ್ಲಿ ಬೇಡ, ನಮ್ಮ ತುಳುವಿನಲ್ಲಿ ಹೇಳಿ. ನೀವು ಹೇಳಿ ಮುಗಿದ ಮೇಲೆ ನಾನು ಬೈಯುವುದು ಬಹಳ ಉಂಟು. ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ. ಮಧ್ಯಾಹ್ನದ ಊಟ ಇಲ್ಲೇ ಮಾಡುವ ಹಾಗೆ ಬನ್ನಿ.

ಹರಿಣಾಕ್ಷಿ